ಮೊದಲು ಕೇಳಿಸಿಕೊಂಡವರ ಹೊಣೆ

2022ರ ಅಕ್ಟೋಬರ್‌ನಲ್ಲಿ ಹೈದರಾಬಾದಿನ ಬಂಜಾರಾ ಹಿಲ್ಸ್‌ನ ಖಾಸಗಿ ಶಾಲೆಯೊಂದರಲ್ಲಿ ಎಲ್‌ಕೆಜಿ ಮಗುವಿನ ಮೇಲೆ ಪ್ರಾಂಶುಪಾಲರ ಕಾರಿನ ಚಾಲಕ ಲೈಂಗಿಕ ದೌರ್ಜನ್ಯ ಎಸಗಿದ್ದು ಬಯಲಾಯಿತು. (ಶಾಲೆಯ ಹೆಸರು ಬರೆಯುತ್ತಿಲ್ಲ, ಮಗುವಿನ ಶಾಲೆಯ ಹೆಸರನ್ನೂ ಪ್ರಕಟಿಸಬಾರದು ಎನ್ನುತ್ತದೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್.) ಮಗುವಿನ ನಡವಳಿಕೆ ಬದಲಾದದ್ದನ್ನು ಗಮನಿಸಿದ್ದು ತಾಯಿ. ಠಾಣೆ ಮೆಟ್ಟಿಲೇರಿದ್ದು ಹೆತ್ತವರು. ಚಾಲಕನ ಜತೆಗೆ ಪ್ರಾಂಶುಪಾಲರೂ ಬಂಧಿತರಾದರು. ಸರ್ಕಾರ ಶಾಲೆಯ ಮಾನ್ಯತೆ ರದ್ದು ಮಾಡಿ, ಉಳಿದ ಮಕ್ಕಳ ಪೋಷಕರು ಪಟ್ಟು ಹಿಡಿದಾಗ ಆ ಶೈಕ್ಷಣಿಕ ವರ್ಷದ ಮಟ್ಟಿಗೆ ಮತ್ತೆ ಅನುಮತಿ ಕೊಟ್ಟಿತು. 2023ರ ಏಪ್ರಿಲ್‌ನಲ್ಲಿ ಚಾಲಕನಿಗೆ 20 ವರ್ಷ ಸಜೆಯಾಯಿತು. ಪ್ರಾಂಶುಪಾಲರು ಖುಲಾಸೆಯಾದರು.

ಆ ಖುಲಾಸೆಯ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಕಾಯ್ದೆ ತಾನು ಹೊರಿಸಿದ ಹೊಣೆಯನ್ನು ಅರ್ಧದಲ್ಲೇ ಕೈಬಿಡುವ ಬಗ್ಗೆ.

2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಯಾವ ವೃತ್ತಿಯನ್ನೂ ಪಟ್ಟಿ ಮಾಡುವುದಿಲ್ಲ. ಅಪರಾಧ ನಡೆದದ್ದು ಗೊತ್ತಿರುವ, ನಡೆಯಬಹುದೆಂದು ಆತಂಕಪಡುವ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಸಜೆ. ತನ್ನ ಕೈಕೆಳಗಿನವನ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಪಾದ್ರಿ ಪಾಪನಿವೇದನೆಯಲ್ಲಿ ಕೇಳಿದ್ದಕ್ಕೆ ವಿನಾಯಿತಿ ಇದೆ. ನಮ್ಮಲ್ಲಿ ಅದಿಲ್ಲ. ವಕೀಲ ಮತ್ತು ಕಕ್ಷಿದಾರನ ಮಾತಿಗೆ ನಮ್ಮ ಸಾಕ್ಷ್ಯ ಕಾನೂನು ಕೊಡುವ ರಕ್ಷಣೆಯನ್ನು ಪಾದ್ರಿಗಾಗಲಿ, ಸ್ವಾಮಿಗಾಗಲಿ, ಮೌಲ್ವಿಗಾಗಲಿ ಕೊಟ್ಟಿಲ್ಲ. ಇದು ಈ ಕಾಯ್ದೆಯ ದೊಡ್ಡ ಗುಣ. ದೇವರ ಹೆಸರಿನಲ್ಲಿ ಮಗುವಿನ ನೋವನ್ನು ಗುಟ್ಟಾಗಿಡಲು ಯಾರಿಗೂ ಹಕ್ಕಿರಬಾರದು.

ಆದರೆ ಶಾಲೆಯೊಳಗೆ ಮೊದಲು ತಿಳಿಯುವುದು ಯಾರಿಗೆ? ಮಗುವಿನ ಬಟ್ಟೆ ಬದಲಿಸುವ ಆಯಾಗೆ, ಹಾಸ್ಟೆಲಿನ ಅಡುಗೆಯವಳಿಗೆ, ವರ್ಷಕ್ಕೊಮ್ಮೆ ಕರಾರು ಮುಗಿಯುವ ಟೀಚರಿಗೆ. ಅವರು ಮೇಡಂಗೆ ಹೇಳುತ್ತಾರೆ. ಮೇಡಂ ಆಡಳಿತ ಮಂಡಳಿಗೆ ಹೇಳುತ್ತಾರೆ. ಅಲ್ಲಿ ಶಾಲೆಯ ಮರ್ಯಾದೆಯ ಮಾತು ಶುರುವಾಗುತ್ತದೆ, ಠಾಣೆಯ ಮಾತು ನಿಲ್ಲುತ್ತದೆ. ಸದುದ್ದೇಶದಿಂದ ತಿಳಿಸಿದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ ಎಂದು ಕಾಯ್ದೆ ಹೇಳುತ್ತದೆ ನಿಜ. ಮರುದಿನವೇ ಕೆಲಸ ಹೋದರೆ ಏನು ಗತಿ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಇನ್ನು ನ್ಯಾಯಾಲಯದಲ್ಲಿ ‘ಇವರಿಗೆ ಗೊತ್ತಿತ್ತು’ ಎಂದು ಸಾಬೀತು ಮಾಡಲು ಬೇಕಾದ ಸಾಕ್ಷಿಗಳು ಇದೇ ಹೆದರಿದ ಮಂದಿ.

ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಹಾಸ್ಟೆಲೊಂದರಲ್ಲಿ ಹುಡುಗಿಯರ ಮೇಲೆ ಲೈಂಗಿಕ ದೌರ್ಜನ್ಯ ನಡೆದ ಪ್ರಕರಣದಲ್ಲಿ, ಅವರಿಗೆ ಚಿಕಿತ್ಸೆ ಕೊಟ್ಟೂ ಪೊಲೀಸರಿಗೆ ತಿಳಿಸಲಿಲ್ಲ ಎಂದು ವೈದ್ಯರ ಮೇಲೆ ಹಾಕಿದ್ದ ಎಫ್‌ಐಆರನ್ನು ಹೈಕೋರ್ಟ್ ರದ್ದು ಮಾಡಿತ್ತು. 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿ, ತಿಳಿದೂ ತಿಳಿಸದಿರುವುದು ಗಂಭೀರ ಅಪರಾಧ ಎಂದಿತು. ಸರಿಯಾದ ಮಾತು. ಆದರೆ ಅದು ಆಯಾಳ ಕಿವಿಗೆ ಮುಟ್ಟಿಲ್ಲ.

ಹೇಳಿದವರ ಕೆಲಸವನ್ನು ಕಾಯುವ ಒಂದು ಉಪಸೆಕ್ಷನ್ ಕಾಯ್ದೆಗೆ ಸೇರಬೇಕು. ಅಲ್ಲಿಯವರೆಗೆ ಪ್ರತಿ ಶಾಲೆ, ಮಠ, ಮದರಸಾ, ಚರ್ಚಿನ ಹಾಸ್ಟೆಲು ತನ್ನ ಸಿಬ್ಬಂದಿಗೆ ಅವರ ಭಾಷೆಯಲ್ಲೇ ಬರೆದು ಕೊಡಲಿ: ಮೇಲಿನವರಿಗೆ ಹೇಳಿದ ಮಾತ್ರಕ್ಕೆ ನಿಮ್ಮ ಹೊಣೆ ಮುಗಿಯುವುದಿಲ್ಲ, ನೇರವಾಗಿ ಪೊಲೀಸರಿಗೆ ತಿಳಿಸಿ, ಮಕ್ಕಳ ಸಹಾಯವಾಣಿ 1098.