ಭಾರ ಬಿದ್ದಾಗಿನ ಕಣ್ಣು

ನಮ್ಮ ಕರಾವಳಿಯ ಕಂತಬಲೆಯನ್ನು ಕಂಡಾಗಲೆಲ್ಲ ಅದರ ಸಂಯಮಕ್ಕೆ ನಾನು ತಲೆದೂಗಿದ್ದೇನೆ. ನೀರಿನಲ್ಲಿ ತೆರೆಯಂತೆ ಇಳಿಬಿದ್ದಿರುವ ಆ ಬಲೆ ಯಾವ ಮೀನನ್ನೂ ಬೆನ್ನಟ್ಟದು. ಬಂಗುಡೆಯ ಹಿಂಡು ತಾನಾಗಿ ಬಂದು ತಲೆಯಿಕ್ಕಿದಾಗ ಮರಿಯಾದುದು ಕಣ್ಣಿನೊಳಗಿಂದ ನುಸುಳಿ ಹೋಗುತ್ತದೆ, ಬಲು ದಪ್ಪನಾದುದಕ್ಕೆ ತಲೆಯೇ ತೂರದು, ನಡುವಣ ಗಾತ್ರದ್ದು ಮಾತ್ರ ಕಿವಿರಿನ ಮುಚ್ಚಳದ ಹಿಂದೆ ನೂಲು ಸಿಲುಕಿ ಮುಂದಕ್ಕೂ ಹೋಗಲಾರದೆ ಹಿಂದಕ್ಕೂ ಸರಿಯಲಾರದೆ ನಿಲ್ಲುತ್ತದೆ. ಒಂದೇ ಜಾತಿಯ ಮೀನುಗಳು ಕಿರಿದಾಗಲಿ ಹಿರಿದಾಗಲಿ ಆಕಾರದಲ್ಲಿ ಸದೃಶವಾಗಿರುವುದರಿಂದ, ಕಣ್ಣನ್ನು ಎಷ್ಟು ಪಾಲು ಹಿಗ್ಗಿಸಿದರೆ ಸಿಕ್ಕುವ ಮೀನಿನ ಉದ್ದವೂ ಅಷ್ಟೇ ಪಾಲು ಹಿಗ್ಗುವುದೆಂದು ರಷ್ಯದ ವಿದ್ವಾಂಸ ಬಾರನೋವರು 1914ರಲ್ಲಿಯೇ ಪ್ರತಿಪಾದಿಸಿದ್ದರು.

ಟ್ರಾಲ್ ಬಲೆಯ ಧರ್ಮವೇ ಬೇರೆ. ದಡದಲ್ಲಿ ಹರಡಿ ಗಂಟಿನಿಂದ ಗಂಟಿಗೆ ಅಳೆದಾಗ ಅದರ ಕಣ್ಣು ಯಥೇಷ್ಟ ಅಗಲವಾಗಿಯೇ ತೋರಬಹುದು. ಆದರೆ ದೋಣಿ ಎಳೆಯತೊಡಗಿ, ತುದಿಯ ಚೀಲದಲ್ಲಿ ಮೀನು ಕೂಡಿ ಭಾರವೇರಿದಂತೆಲ್ಲ, ವಜ್ರಾಕೃತಿಯ ಕಣ್ಣು ಉದ್ದಕ್ಕೆ ಸೆಳೆದುಕೊಂಡು ಅಡ್ಡಕ್ಕೆ ಮುಚ್ಚಿಬಿಡುತ್ತದೆ. ಮೀನಿನ ರಾಶಿಗೆ ತುಸು ಮುಂದಿರುವ ಕೆಲವು ಸಾಲುಗಳಷ್ಟೇ ತೆರೆದಿರುತ್ತವೆ. ಮರಿಗಳಿಗೆ ದಾರಿ ಬೇಕಾದ ಹೊತ್ತಿನಲ್ಲಿಯೇ ದಾರಿ ಕಟ್ಟಿಹೋಗುವ ಈ ವೈಪರೀತ್ಯವನ್ನು ಅರಿತ ಮೇಲೆ, ಕಣ್ಣಿನ ಅಳತೆಯನ್ನಷ್ಟೇ ಕೇಳಿ ತೃಪ್ತನಾಗುವುದು ನನಗೆ ಸಾಧ್ಯವಾಗಿಲ್ಲ. ಅದೇ ಜಾಲವನ್ನು 45 ಡಿಗ್ರಿ ತಿರುಗಿಸಿ ಚೌಕವಾಗಿ ಜೋಡಿಸಿದರೆ, ಎಳೆತವನ್ನೆಲ್ಲ ಉದ್ದನೆಯ ನೂಲುಗಳೇ ಹೊತ್ತುಕೊಂಡು ಅಡ್ಡನೂಲುಗಳು ನಿರಾಳವಾಗಿರುವುದರಿಂದ ಕಣ್ಣು ತೆರೆದೇ ಉಳಿಯುತ್ತದೆ. ಹೊಸ ನೂಲಿಲ್ಲ, ಹೊಸ ಯಂತ್ರವಿಲ್ಲ. ಬರಿಯ ದಿಕ್ಕಿನ ಬದಲಾವಣೆ! ಇದಕ್ಕಿಂತ ಚೆಲುವಾದ ಉಪಾಯವನ್ನು ನಾನು ಈ ವಿದ್ಯೆಯಲ್ಲಿ ಕಂಡಿಲ್ಲ.

ಇದರ ಪರೀಕ್ಷೆಯೂ ಸರಳವೇ. ಚೀಲದ ಹೊರಗೆ ಅತಿ ಸಣ್ಣ ಕಣ್ಣಿನ ಹೊದಿಕೆಯೊಂದನ್ನು ತೊಡಿಸಿ, ತಪ್ಪಿಸಿಕೊಂಡವನ್ನೂ ಒಳಗುಳಿದವನ್ನೂ ಅಳೆದು, ಯಾವ ಉದ್ದದ ಮೀನುಗಳಲ್ಲಿ ಅರ್ಧ ಉಳಿದು ಅರ್ಧ ಹೋದವೋ ಅದನ್ನೇ ಆ ಬಲೆಯ ಮಾನವೆಂದು ಗಣಿಸುತ್ತಾರೆ.

ಸಿಗಡಿಯ ಬಲೆಯಲ್ಲಿ ಮಾತ್ರ ತೊಡಕು ಹೆಚ್ಚು: ಸಿಗಡಿಗೆಂದು ಕಿರಿದುಮಾಡಿದ ಕಣ್ಣು ಮೀನುಮರಿಗಳನ್ನೂ ಬಾಚುತ್ತದೆ. 1957ರಲ್ಲಿ ಸ್ಥಾಪಿತವಾದ ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರು ಇದಕ್ಕಾಗಿ ಸರಳುಗಳ ಜಾಲರಿಯೊಂದನ್ನು ಬಲೆಯೊಳಗೆ ಓರೆಯಾಗಿ ಕೂರಿಸಿ, ಸಿಗಡಿ ಕೆಳಗಣ ಚೀಲಕ್ಕೂ ಮೀನು ಅಗಲಗಣ್ಣಿನ ಮೇಲಣ ಚೀಲಕ್ಕೂ ಸೇರುವಂತೆ ಮಾಡಿದರು. ಅಲ್ಲಿಂದ ಮರಿಗಳು ಹೊರಬೀಳುತ್ತವೆ. ಇನ್ನು ಚೌಕಗಣ್ಣೂ ಎಲ್ಲ ಮೀನಿಗೂ ಒಗ್ಗದು: ನಂಗಿನಂಥ ಚಪ್ಪಟೆ ಮೀನಿನ ಮರಿಗೆ ಚೌಕಕ್ಕಿಂತ ವಜ್ರಾಕೃತಿಯ ಕಣ್ಣೇ ಹೆಚ್ಚು ಅನುಕೂಲ. ಬಂಗುಡೆ, ನಂಗು, ಸಿಗಡಿ ಒಂದೇ ಎಳೆತಕ್ಕೆ ಬರುವ ನಮ್ಮ ಕಡಲಿನಲ್ಲಿ ಯಾವ ಮರಿಯ ಮೈಗೆ ಕಣ್ಣನ್ನು ಹೊಂದಿಸಬೇಕೆಂಬುದನ್ನು ಬಲೆ ಹೊಲಿಯುವವನು ಪ್ರತಿ ಸಲವೂ ಹೊಸದಾಗಿ ನಿಶ್ಚಯಿಸಬೇಕಾಗಿದೆ.