ಡಾಕ್ಟರು ಇದ್ದಾರಾ?

ಮೈಸೂರಿನ ಕೆ.ಆರ್.ಎಸ್. ರಸ್ತೆಯಲ್ಲಿ ದೊಡ್ಡಾಸ್ಪತ್ರೆಗಳಿಗೆ ಬರವಿಲ್ಲ. ನೂರು ವರ್ಷ ದಾಟಿದ ಪಿ.ಕೆ. ಸ್ಯಾನಿಟೋರಿಯಂ, ಜಯದೇವ ಹೃದ್ರೋಗ ಸಂಸ್ಥೆ, ಇ.ಎಸ್.ಐ. ಆಸ್ಪತ್ರೆ ಎಲ್ಲವೂ ಇದೇ ದಾರಿಯಲ್ಲಿವೆ. ಆದರೂ ಮಗುವಿಗೆ ಜ್ವರ ಬಂದರೆ, ತಲೆಸುತ್ತು ಬಂದು ಬಿ.ಪಿ. ನೋಡಿಸಬೇಕಾದರೆ ಮೇಟಗಳ್ಳಿಯ ಜನ ಮೊದಲು ನಡೆಯುವುದು ಬೀದಿ ಕೊನೆಯ ಕ್ಲಿನಿಕ್ಕಿಗೆ, ಹಳಬರ ಬಾಯಲ್ಲಿ ‘ಡಾಕ್ಟರ್ ಶಾಪಿ’ಗೆ. ನೋಟು ಮುದ್ರಣಾಲಯ, ಹಳಬರು ಇನ್ನೂ ವಿಕ್ರಾಂತ್ ಎಂದೇ ಕರೆಯುವ ಜೆ.ಕೆ. ಟೈರ್, ಸುತ್ತಮುತ್ತಲ ಸಣ್ಣ ಕಾರ್ಖಾನೆಗಳು ಇರುವ ಊರು ಇದು. ಇಲ್ಲಿ ಹಲವರ ದಿನ ನಡೆಯುವುದು ಶಿಫ್ಟಿನ ಲೆಕ್ಕದಲ್ಲಿ. ಹಾಗಾಗಿ ಕ್ಲಿನಿಕ್ಕಿಗೆ ಬರುವ ಫೋನಿನಲ್ಲಿ ಕಾಯಿಲೆಗಿಂತ ಮೊದಲು ಕೇಳಿಸುವ ಪ್ರಶ್ನೆ ಒಂದೇ: ಡಾಕ್ಟರು ಇದ್ದಾರಾ?

ಈ ಪ್ರಶ್ನೆಗೆ ಕ್ಲಿನಿಕ್ಕುಗಳು ಕೊಡುವ ಉತ್ತರವನ್ನು ಯಾರೂ ಬರವಣಿಗೆ ಎಂದು ಓದುವುದಿಲ್ಲ. ಓದಿದರೆ ನಿರಾಸೆಯೇ ಹೆಚ್ಚು. ನಮ್ಮ ನಗರಗಳ ಯಾವ ಕ್ಲಿನಿಕ್ಕಿನ ಗೋಡೆ ನೋಡಿದರೂ ಅಪ್ಪಣೆಗಳ ಸಾಲು: ಚಪ್ಪಲಿ ಹೊರಗೆ ಬಿಡಿ, ಟೋಕನ್ ಪಡೆಯಿರಿ, ಮೊಬೈಲ್ ಆಫ್ ಮಾಡಿ, ಮೌನವಾಗಿರಿ. ಎಲ್ಲವೂ ಕ್ಲಿನಿಕ್ಕಿಗೆ ಬೇಕಾದದ್ದು. ಬಂದವರಿಗೆ ಬೇಕಾದದ್ದು ಅದರಲ್ಲಿ ಅಪರೂಪ. ಡಾಕ್ಟರು ಊರಲ್ಲಿಲ್ಲದ ದಿನ ಬಾಗಿಲಿಗೆ ಅಂಟುವ ಹಾಳೆಯಂತೂ ಇನ್ನೂ ಜಿಪುಣ. ‘ಇಂದು ವೈದ್ಯರು ಲಭ್ಯವಿರುವುದಿಲ್ಲ’ ಎಂದಷ್ಟೇ ಇದ್ದರೆ ‘ಇಂದು’ ಎಂದರೆ ಯಾವ ದಿನ? ಹಾಳೆ ಅಂಟಿಸಿದ ದಿನವೋ, ಓದುತ್ತಿರುವ ದಿನವೋ?

ಅದೇ ಹಾಳೆಯಲ್ಲಿ ಇಷ್ಟು ಬರೆಯಲು ಏನಡ್ಡಿ: “ಗುರುವಾರ ಡಾಕ್ಟರು ಇರುವುದಿಲ್ಲ. ಶುಕ್ರವಾರ ಸಂಜೆ 6ಕ್ಕೆ ಬರುತ್ತಾರೆ. ಬಿ.ಪಿ., ಸಕ್ಕರೆ ಮಾತ್ರೆ ಮುಗಿದಿದ್ದರೆ ಹಳೆ ಚೀಟಿ ಹಿಡಿದು ಒಳಗೆ ಕೇಳಿ. ಎದೆನೋವು, ಉಸಿರಾಟದ ತೊಂದರೆ ಆದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.” ಐದಾರು ಸಾಲು, ಒಂದು ಸ್ಕೆಚ್ ಪೆನ್ನು ಸಾಕು. ರಾತ್ರಿ ಪಾಳಿ ಮುಗಿಸಿ ಬಂದವನು ಇನ್ನೊಮ್ಮೆ ಬಂದು ಬಾಗಿಲು ನೋಡಿ ಹೋಗುವುದು ತಪ್ಪುತ್ತದೆ.

ಸರ್ಕಾರ ಹಾಕಿಸುವ ಬೋರ್ಡಿನ ಕಥೆ ಬೇರೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ ಎಲ್ಲರೂ ಹೇಳುವ ಕೆ.ಪಿ.ಎಂ.ಇ., ಬಂದದ್ದು 2007ರಲ್ಲಿ. ನೋಂದಣಿ ಪತ್ರ, ಶುಲ್ಕದ ಪಟ್ಟಿ ಜನರಿಗೆ ಕಾಣುವಂತೆ ಇರಬೇಕು ಎನ್ನುತ್ತದೆ ಅದು. 2017ರ ತಿದ್ದುಪಡಿ ರೋಗಿಗಳ ಹಕ್ಕುಗಳ ಸನ್ನದನ್ನೂ ಸೇರಿಸಿತು. ಆ ನವೆಂಬರ್‌ನಲ್ಲಿ ಖಾಸಗಿ ವೈದ್ಯರು ಮುಷ್ಕರ ಹೂಡಿ ರಾಜ್ಯದ ಕ್ಲಿನಿಕ್ಕುಗಳ ಬಾಗಿಲು ಮುಚ್ಚಿದ್ದು ಬಹಳ ಜನರಿಗೆ ನೆನಪಿದೆ. 2024ರ ಕೊನೆಗೆ ಇನ್ನೊಂದು ಸೂಚನೆ ಬಂತು: ನೋಂದಣಿ ಸಂಖ್ಯೆಯ ಫಲಕ ಹಾಕಿ, ಅಲೋಪಥಿಗೆ ನೀಲಿ, ಆಯುರ್ವೇದಕ್ಕೆ ಹಸಿರು. ನಕಲಿ ವೈದ್ಯರ ಹಾವಳಿ ತಡೆಯಲು ಹೊರಟ ಈ ಬಣ್ಣದ ಉಪಾಯವನ್ನು ಮೆಚ್ಚಲೇಬೇಕು. ಅಕ್ಷರ ಬಾರದವರಿಗೂ ಬಣ್ಣ ತಿಳಿಯುತ್ತದೆ. ಆದರೆ ಬಣ್ಣದ ಅರ್ಥವನ್ನು ಯಾರಾದರೂ ಮೊದಲು ಹೇಳಬೇಕಷ್ಟೆ. ಶುಲ್ಕದ ಪಟ್ಟಿಯ ವಿಚಾರದಲ್ಲಿ ಅಷ್ಟು ಉದಾರವಾಗಲು ಆಗದು. ಸಣ್ಣ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ, ಕ್ಯಾಲೆಂಡರಿನ ಹಿಂದೆ ತೂಗಿದರೂ ಕಾಯ್ದೆಯ ಮಾತು ಉಳಿಯಿತು ಎಂದುಕೊಳ್ಳುವವರಿದ್ದಾರೆ.

ಮೇಟಗಳ್ಳಿಯಂಥ ಕಾರ್ಮಿಕರ ಬಡಾವಣೆಯಲ್ಲಿ ಗೋಡೆ ಮೇಲೆ ನಿಜವಾಗಿ ಇರಬೇಕಾದ ಒಂದು ವಿಷಯವಿದೆ. ಇ.ಎಸ್.ಐ. ವಿಮೆ ಇರುವ ಕಾರ್ಮಿಕ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿದ್ದರೆ, ಕಾಯಿಲೆ ಬಿದ್ದಾಗ ಸಂಬಳದ ಶೇ. 70ರಷ್ಟು ಭತ್ಯೆ ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಆದರೆ ಅದಕ್ಕೆ ಇ.ಎಸ್.ಐ. ವೈದ್ಯರ ಸರ್ಟಿಫಿಕೇಟು ಬೇಕು. ಸಾಮಾನ್ಯವಾಗಿ ಖಾಸಗಿ ಡಾಕ್ಟರ ಚೀಟಿ ಸಾಲದು. ಹತ್ತಿರ, ಬೇಗ ಆಗುತ್ತದೆ ಎಂದು ಬೀದಿ ಕ್ಲಿನಿಕ್ಕಿಗೆ ಹೋಗಿ ವಾರ ಮಲಗಿದವನಿಗೆ ಇದು ಗೊತ್ತಾಗುವಷ್ಟರಲ್ಲಿ ವಾರದ ಸಂಬಳ ಹೋಗಿರುತ್ತದೆ. ‘ಇ.ಎಸ್.ಐ. ಇದ್ದವರು ರಜೆ ಬೇಕಾದರೆ ಮೊದಲು ಅಲ್ಲಿ ತೋರಿಸಿ’ ಎಂದು ಖಾಸಗಿ ಡಾಕ್ಟರು ಬರೆದು ಹಾಕಿದರೆ ಒಂದಿಷ್ಟು ರೋಗಿಗಳು ಕಡಿಮೆಯಾಗಬಹುದು. ಬಹುಶಃ ಅದಕ್ಕೇ ಬರೆಯುವುದಿಲ್ಲ.

ಗೋಡೆಯಿಂದ ಫೋನಿಗೆ ಬಂದರೆ ತೊಡಕು ಇನ್ನೊಂದು ಬಗೆಯದು. ಲ್ಯಾಬ್ ರಿಪೋರ್ಟು ಬಂದಿದೆ, ನಾಳೆ ಇಷ್ಟು ಹೊತ್ತಿಗೆ ಬನ್ನಿ ಎಂಬ ಎಸ್ಸೆಮ್ಮೆಸ್ಸುಗಳು ಹೆಚ್ಚಾಗಿ ಇಂಗ್ಲಿಷಿನಲ್ಲೇ ಬರುತ್ತವೆ. ಇದಕ್ಕೆ ಬರೀ ಕನ್ನಡದ ಮೇಲಿನ ಉದಾಸೀನ ಕಾರಣವೆಂದು ಬೈದುಬಿಡುವುದು ಸುಲಭ. ಒಂದು ಎಸ್ಸೆಮ್ಮೆಸ್ಸಿನಲ್ಲಿ ಇಂಗ್ಲಿಷಿಗೆ 160 ಅಕ್ಷರದ ಜಾಗ, ಕನ್ನಡಕ್ಕೆ 70. ಅದರ ಮೇಲೆ ಒತ್ತು, ಗುಣಿತ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ‘ಆಸ್ಪತ್ರೆ’ ಓದುವವರಿಗೆ ಮೂರೇ ಅಕ್ಷರ, ಫೋನಿಗೆ ಎಂಟು. ಒಂದು ಸಂದೇಶ ಎರಡಾಗುತ್ತದೆ, ದುಡ್ಡೂ ಎರಡಾಗುತ್ತದೆ. ಸಣ್ಣ ಕ್ಲಿನಿಕ್ಕಿಗೆ ಇದು ಹೊರೆಯೇ. ಹಾಗಿದ್ದರೂ ಕನ್ನಡದಲ್ಲಿ ಮುದ್ರಿಸಿಕೊಂಡ ಧ್ವನಿಯ ಕರೆ ಇದೆ, ವಾಟ್ಸ್ಆ್ಯಪ್ ಇದೆ.

ವಾಟ್ಸ್ಆ್ಯಪ್ ಎಂದರೆ ಎಚ್ಚರ ಬೇಕು. 2020ರ ಮಾರ್ಚ್ 25ರಂದು ಹೊರಬಿದ್ದ ಟೆಲಿಮೆಡಿಸಿನ್ ಮಾರ್ಗಸೂಚಿ ಇಂಥ ಚಾಟ್ ಮೂಲಕ ಸಲಹೆ ಕೊಡುವುದಕ್ಕೂ ಒಪ್ಪಿಗೆ ಕೊಟ್ಟಿತು. ಅದು ಡಾಕ್ಟರು, ರೋಗಿ ಇಬ್ಬರ ನಡುವಿನ ಮಾತಿಗೆ. ಎಲ್ಲ ರೋಗಿಗಳನ್ನೂ ಒಂದೇ ಗುಂಪಿಗೆ ಹಾಕಿದರೆ ಯಾರ ನಂಬರು ಯಾರಿಗೆ ಬೇಕಾದರೂ ಸಿಗುತ್ತದೆ. ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ ಈ ಅಪಾಯವಿಲ್ಲ, ಆದರೆ ಕ್ಲಿನಿಕ್ಕಿನ ನಂಬರನ್ನು ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. ಆ ರಗಳೆ ಯಾರಿಗೆ ಬೇಕೆಂದು ಗುಂಪು ಮಾಡುವುದು ಸೋಮಾರಿತನ. ಅದೇ 2020ರ ಮಾರ್ಚಿನಲ್ಲಿ, ಹೊರದೇಶದಿಂದ ಬಂದು ಮನೆಯಲ್ಲೇ ಕ್ವಾರಂಟೈನ್ ಆಗಿದ್ದವರ ವಿಳಾಸಗಳನ್ನು ಜಿಲ್ಲಾವಾರು ರಾಜ್ಯ ಸರ್ಕಾರವೇ ಪ್ರಕಟಿಸಿತ್ತು. ಹೆಸರು ಇರಲಿಲ್ಲ. ಮನೆ ನಂಬರು, ಬೀದಿ ಗೊತ್ತಾದ ಮೇಲೆ ಹೆಸರು ಕಂಡುಹಿಡಿಯಲು ಅಕ್ಕಪಕ್ಕದವರಿಗೆ ಎಷ್ಟು ಹೊತ್ತು ಬೇಕು? ಮಾಹಿತಿ ಮುಟ್ಟಿಸುವ ಆತುರದಲ್ಲಿ ನಡೆದ ದೊಡ್ಡ ತಪ್ಪು ಅದು.

2021ರ ಕೋವಿನ್ ಇನ್ನೊಂದು ಪಾಠ. 18ರಿಂದ 44ರ ವಯಸ್ಸಿನವರಿಗೆ ಮೇ 1ರಿಂದ ಲಸಿಕೆ ಎಂದಾಗ ನೋಂದಣಿ ಆ್ಯಪು, ಜಾಲತಾಣದಲ್ಲಿ ಮಾತ್ರ. ಕನ್ನಡ ಮತ್ತಿತರ ಭಾಷೆಗಳು ಅದರೊಳಗೆ ಬಂದದ್ದು ಜೂನ್ ಮೊದಲ ವಾರದಲ್ಲಿ. ಓಡಾಡುವ ಬೆರಳು, ಇಂಗ್ಲಿಷು ಎರಡೂ ಇದ್ದವರು ಮುಂದೆ ಹೋದರು. ಇದರ ಪಕ್ಕಕ್ಕೆ ಪಲ್ಸ್ ಪೋಲಿಯೊ ಭಾನುವಾರದ ಆಟೊ ನಿಲ್ಲಿಸಿ ನೋಡಬೇಕು. ಮೈಕಿನಲ್ಲಿ ಯಾವ ದಿನ, ಎಷ್ಟು ವಯಸ್ಸಿನ ಮಗು, ಎಲ್ಲಿಗೆ ಕರೆತರಬೇಕು ಎಂಬುದು ಬೀದಿ ಬೀದಿಯಲ್ಲಿ ಸಾರಿ ಹೋಗುತ್ತದೆ. ಭಾನುವಾರ ತಪ್ಪಿಸಿಕೊಂಡ ಮಕ್ಕಳನ್ನು ಹುಡುಕಿ ಆಶಾ ಕಾರ್ಯಕರ್ತೆ, ಅಂಗನವಾಡಿಯವರು ಮನೆಗೇ ಬರುತ್ತಾರೆ. 2014ರ ಮಾರ್ಚ್ 27ರಂದು ಭಾರತ ಪೋಲಿಯೊ ಮುಕ್ತವೆಂಬ ಪ್ರಮಾಣಪತ್ರ ಸಿಕ್ಕಿದ್ದರಲ್ಲಿ ಆ ಆಟೊಗಳ ಪಾಲನ್ನು ಮರೆಯುವಂತಿಲ್ಲ. ಕನ್ನಡದಲ್ಲಿ ಈವರೆಗೆ ಬಂದಿರುವ ಆರೋಗ್ಯ ಸೂಚನೆಗಳ ಪೈಕಿ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ.

ಉಳಿದಿರುವುದು ಚೀಟಿ. ಬ್ರಿಟನ್ನಿನ ವೈದ್ಯ ಸಂಸ್ಥೆಗಳ ಒಕ್ಕೂಟ 2018ರಲ್ಲಿ ಆಸ್ಪತ್ರೆ ವೈದ್ಯರಿಗೆ ಒಂದು ಮಾರ್ಗದರ್ಶನ ಕೊಟ್ಟಿತು: ರೋಗಿಯ ವಿಚಾರವಾಗಿ ಇನ್ನೊಬ್ಬ ಡಾಕ್ಟರಿಗೆ ಬರೆಯುವ ಪತ್ರವನ್ನು ರೋಗಿಗೇ ಬರೆಯಿರಿ, ಅವರಿಗೆ ಅರ್ಥವಾಗುವ ಮಾತಿನಲ್ಲಿ. ನಮ್ಮಲ್ಲಿ ಔಷಧದ ಹೆಸರನ್ನು ಓದಲು ಬರುವಂತೆ, ಸಾಧ್ಯವಾದಷ್ಟು ದೊಡ್ಡಕ್ಷರದಲ್ಲಿ ಬರೆಯಬೇಕೆಂಬ ನಿಯಮ 2016ರಲ್ಲೇ ಬಂದಿದೆ. ಆದರೂ ಚೀಟಿಯನ್ನು ಓದುವವನು ರೋಗಿಯಲ್ಲ, ಮೆಡಿಕಲ್ ಶಾಪಿನ ಹುಡುಗ. ಮಾತ್ರೆಯ ಕವರಿನ ಮೇಲೆ 1-0-1 ಎಂದು ಗೀಚಿ, ‘ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟ ಆದ್ಮೇಲೆ ಅಜ್ಜಿ’ ಎಂದು ಎರಡೆರಡು ಸಲ ಹೇಳಿ ಕಳಿಸುವವನು ಅವನು. ಮಾತ್ರೆ ನಿಲ್ಲಿಸಬಹುದೇ, ಮತ್ತೆ ಯಾವಾಗ ತೋರಿಸಬೇಕು ಎಂದು ಅಜ್ಜಿ ತಿರುಗಿ ಕೇಳಿದರೆ ಅವನಿಗೂ ಗೊತ್ತಿಲ್ಲ. ಡಾಕ್ಟರನ್ನೇ ಕೇಳಿ ಎನ್ನುತ್ತಾನೆ.