ಮಾಹಿತಿ ಹೆಚ್ಚಿದರೆ ನಿರ್ಧಾರ ಸುಧಾರಿಸುತ್ತದೆಯೆ?

ಮಾಹಿತಿ ವ್ಯವಸ್ಥೆ ಎಂದರೇನು ಎಂದು ವಾಣಿಜ್ಯ ವಿದ್ಯಾರ್ಥಿಗಳನ್ನು ಕೇಳಿ ನೋಡಿ. ಸರಿಯಾದ ಮಾಹಿತಿಯನ್ನು ಸರಿಯಾದ ವ್ಯಕ್ತಿಗೆ ಸರಿಯಾದ ವೇಳೆಗೆ ತಲುಪಿಸುವ ಏರ್ಪಾಡು ಎಂಬ ಉತ್ತರ ಸಿಗುತ್ತದೆ. ಇಲ್ಲಿ ‘ಸರಿಯಾದದ್ದು’ ಯಾವುದೆಂದು ತೀರ್ಮಾನಿಸುವವರು ಯಾರು? ವ್ಯಾಖ್ಯೆ ಅದನ್ನು ಹೇಳುವುದಿಲ್ಲ. ಈ ಕೊರತೆಯನ್ನು ಅಮೆರಿಕದ ರಸೆಲ್ ಏಕಾಫ್ 1967ರ ಡಿಸೆಂಬರ್‌ನಲ್ಲೇ ‘ಮ್ಯಾನೇಜ್‌ಮೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಎತ್ತಿ ತೋರಿಸಿದ್ದರು. ಲೇಖನದ ಹೆಸರೇ ಕುಟುಕುವಂಥದು: ‘ಮ್ಯಾನೇಜ್‌ಮೆಂಟ್ ಮಿಸ್‌ಇನ್‌ಫರ್ಮೇಷನ್ ಸಿಸ್ಟಮ್ಸ್’. ಕಂಪ್ಯೂಟರ್ ಪರದೆಯ ಮೇಲೆ ಬಣ್ಣಬಣ್ಣದ ನಕ್ಷೆಗಳು ಮೂಡುವ ಈ ಕಾಲದಲ್ಲೂ ಅದು ಓದಿಸಿಕೊಳ್ಳುತ್ತದೆ. ಆದರೆ ಕಣ್ಣುಮುಚ್ಚಿ ಒಪ್ಪುವಂತಿಲ್ಲ.

ವ್ಯವಸ್ಥೆ ಕಟ್ಟುವವರ ಐದು ನಂಬಿಕೆಗಳನ್ನು ಏಕಾಫ್ ಒಂದೊಂದಾಗಿ ಪರೀಕ್ಷಿಸುತ್ತಾರೆ. ವ್ಯವಸ್ಥಾಪಕರಿಗೆ ಮಾಹಿತಿಯ ಕೊರತೆ ಇದೆ ಎಂಬುದು ಮೊದಲನೆಯದು. ಅವರನ್ನು ಕಾಡುವುದು ಕೊರತೆಗಿಂತ ಹೆಚ್ಚಾಗಿ ಬೇಡದ ಮಾಹಿತಿಯ ರಾಶಿ, ಆದ್ದರಿಂದ ವ್ಯವಸ್ಥೆ ಮೊದಲು ಸೋಸಬೇಕು, ಸಾಂದ್ರಗೊಳಿಸಬೇಕು ಎನ್ನುತ್ತಾರೆ ಅವರು. ಮಾತು ನಿಜ, ಆಧಾರ ಮಾತ್ರ ದುರ್ಬಲ. ಸಂಶೋಧನಾ ಲೇಖನಗಳನ್ನು ಮೊಟಕುಗೊಳಿಸಿ ಓದುಗರನ್ನು ಪರೀಕ್ಷಿಸಿದ ಪ್ರಯೋಗವೊಂದನ್ನು ಅವರು ಮುಂದಿಡುತ್ತಾರೆ. ಪ್ರಬಂಧದ ವಾಕ್ಯವೂ ದಾಸ್ತಾನಿನ ಅಂಕಿಯೂ ಒಂದೇ ಬಗೆಯ ವಸ್ತುಗಳೆ?

ಅಂಗಡಿಯ ಉದಾಹರಣೆಗೆ ಬಂದಾಗ ಲೇಖನ ಕಳೆಗಟ್ಟುತ್ತದೆ. ದೊಡ್ಡ ಮಳಿಗೆಯೊಂದರಲ್ಲಿ ಸರಕು ಎಷ್ಟು ಕೊಳ್ಳಬೇಕೆಂದು ಒಬ್ಬ ಅಧಿಕಾರಿ ಗೊತ್ತುಮಾಡುತ್ತಾನೆ. ಮಾರುವ ಬೆಲೆಯನ್ನು ಇನ್ನೊಬ್ಬ. ದಾಸ್ತಾನು ಉಳಿಯದಿದ್ದರೆ ಮೊದಲನೆಯವನಿಗೆ ಶಹಭಾಸ್‌ಗಿರಿ, ಲಾಭ ಹೆಚ್ಚಿದರೆ ಎರಡನೆಯವನಿಗೆ. ಈಗ ಒಬ್ಬನ ಅಂಕಿಅಂಶ ಇನ್ನೊಬ್ಬನಿಗೆ ತಕ್ಷಣ ಸಿಗುವಂತೆ ಮಾಡಿ. ಸರಕು ಕಡಿಮೆ ಬರುತ್ತಿದೆ ಎಂದು ತಿಳಿದ ಮಾರಾಟದವನು ಬೆಲೆ ಏರಿಸುತ್ತಾನೆ. ಬೆಲೆ ಏರಿದ್ದರಿಂದ ಮಾರಾಟ ಕುಗ್ಗುವುದೆಂದು ಕೊಳ್ಳುವವನು ಇನ್ನಷ್ಟು ಕಡಿಮೆ ತರಿಸುತ್ತಾನೆ. ಹೀಗೇ ಸಾಗಿದರೆ ಕೊನೆಗೆ ಕೊಳ್ಳುವುದೂ ಇಲ್ಲ, ಮಾರುವುದೂ ಇಲ್ಲ! ಮೈಕನ್ನು ಧ್ವನಿವರ್ಧಕದ ಮುಂದೆ ಹಿಡಿದಾಗ ಕಿವಿ ಕೊರೆಯುವ ಕೀರಲು ಏಳುತ್ತದಲ್ಲ, ಇದೂ ಅದೇ ಬಗೆಯ ಧನಾತ್ಮಕ ಫೀಡ್‌ಬ್ಯಾಕ್. ಇಬ್ಬರಲ್ಲಿ ಯಾರೂ ದಡ್ಡರಲ್ಲ, ಯಾವ ಅಂಕಿಯೂ ಸುಳ್ಳಲ್ಲ. ತಪ್ಪಿರುವುದು ಅವರನ್ನು ಅಳೆಯುವ ಮಾನದಂಡದಲ್ಲಿ. ಮಾಹಿತಿ ಎಷ್ಟು ವೇಗವಾಗಿ ಹರಿದರೆ ಅಷ್ಟು ಬೇಗ ಅಂಗಡಿಗೆ ಬೀಗ.

ಬಳಸುವವನಿಗೆ ವ್ಯವಸ್ಥೆಯ ಒಳಗು ತಿಳಿಯಬೇಕಿಲ್ಲ ಎಂಬ ಐದನೆಯ ನಂಬಿಕೆಯನ್ನೂ ಅವರು ಚೆನ್ನಾಗಿಯೇ ಒಡೆಯುತ್ತಾರೆ. ಮುಖ್ಯಸ್ಥರು ಮೆಚ್ಚಿ ತೋರಿಸಿದ ಗಣಕೀಕೃತ ದಾಸ್ತಾನು ವ್ಯವಸ್ಥೆಯೊಂದು, ಪರಿಶೀಲಿಸಿದಾಗ, ಹಿಂದಿನ ಕೈಲೆಕ್ಕಕ್ಕಿಂತ ದುಬಾರಿಯಾಗಿತ್ತು. ಕ್ಯಾಲ್ಕುಲೇಟರ್ ತೋರಿಸಿತೆಂದು ಎಂಟು ದಶಮಾಂಶ ಸ್ಥಾನ ಬರೆದುತರುವ ವಿದ್ಯಾರ್ಥಿಗಳನ್ನು ಪ್ರಯೋಗಾಲಯದಲ್ಲಿ ವರ್ಷವರ್ಷವೂ ನೋಡುವ ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

ನನ್ನ ತಕರಾರು ಬೇರೆಡೆ ಇದೆ. ಏಕಾಫ್ ಅವರ ದೃಷ್ಟಿಯೆಲ್ಲ ಮೇಲೆ ಕುಳಿತ ವ್ಯವಸ್ಥಾಪಕನ ಮೇಲೆ. ಅಂಕಿಯನ್ನು ಮೊದಲು ಕೊಡುವ ಕೆಳಗಿನ ಕೈಗೆ ಲೇಖನದಲ್ಲಿ ಹೇಳಿಕೊಳ್ಳುವಂಥ ಜಾಗವಿಲ್ಲ. ಆದರೆ ಅಷ್ಟರಲ್ಲಿ ಇಂಗ್ಲೆಂಡಿನಲ್ಲಿ ಒಂದು ಒಳ್ಳೆಯ ಮಾದರಿ ಕಣ್ಣೆದುರಿಗಿತ್ತು. ಚಹಾ ಅಂಗಡಿಗಳನ್ನೂ ಬೇಕರಿಗಳನ್ನೂ ನಡೆಸುತ್ತಿದ್ದ ಲಂಡನ್ನಿನ ಜೆ. ಲಯನ್ಸ್ ಸಂಸ್ಥೆ, ಕೇಂಬ್ರಿಜ್‌ನ ಎಡ್‌ಸ್ಯಾಕ್ ಗಣಕದ ಮಾದರಿಯಲ್ಲಿ ‘ಲಿಯೊ’ ಎಂಬ ಗಣಕವನ್ನು ತಾನೇ ಕಟ್ಟಿಸಿ, 1951ರಲ್ಲಿ ಬೇಕರಿಯ ಲೆಕ್ಕಕ್ಕೆ ಹಚ್ಚಿತು. 1954ರಲ್ಲಿ ಚಹಾ ಅಂಗಡಿಗಳ ಸರಬರಾಜನ್ನೂ ಅದಕ್ಕೆ ವಹಿಸಿತು. ಪ್ರತಿ ಅಂಗಡಿಯ ಮಾಮೂಲಿ ಬೇಡಿಕೆ ಮೊದಲೇ ದಾಖಲಾಗಿರುತ್ತಿತ್ತು. ಅಂಗಡಿಯ ಮೇಲ್ವಿಚಾರಕಿ ದೂರವಾಣಿಯಲ್ಲಿ ಹೇಳಬೇಕಾಗಿದ್ದುದು ಬದಲಾವಣೆಯನ್ನಷ್ಟೇ. ಅದನ್ನು ಕೇಳುತ್ತಲೇ ಕಾರ್ಡುಗಳಲ್ಲಿ ರಂಧ್ರ ಮಾಡಿ ಗಣಕಕ್ಕೆ ಕೊಡುತ್ತಿದ್ದರು. ಏಕಾಫ್ ಕೇಳಿದ ಸೋಸುವಿಕೆ ಇಲ್ಲಿ ಮೂಲದಲ್ಲೇ ನಡೆಯಿತು. ಸೋಸಿದವರು ಗಿರಾಕಿಯನ್ನು ಕಣ್ಣಾರೆ ಕಂಡವರು. ನಾಳೆಗೆ ಎಷ್ಟು ಬೇಕೆಂಬ ನಿರ್ಧಾರವೂ ಅವರದೇ. ಹದಿಮೂರು ವರ್ಷಗಳ ನಂತರ ಬಂದ ಲೇಖನದಲ್ಲಿ ಈ ಮಾದರಿಗೆ ಸ್ಥಾನವಿರಬೇಕಿತ್ತು.

ಶಿಕ್ಷಕರು ಮಳಿಗೆಯ ಉದಾಹರಣೆಯನ್ನು ತರಗತಿಯಲ್ಲಿ ಆಡಿಸಬಹುದು. ಒಬ್ಬ ವಿದ್ಯಾರ್ಥಿ ಕೊಳ್ಳುವವ, ಇನ್ನೊಬ್ಬ ಮಾರುವವ. ನೂರು ಪೆನ್ಸಿಲ್‌ಗಳಿಂದ ಆರಂಭಿಸಿ. ಪ್ರತಿ ಸುತ್ತಿನಲ್ಲೂ ಇಬ್ಬರ ಅಂಕಿಯನ್ನು ಕಪ್ಪು ಹಲಗೆಯ ಮೇಲೆ ಬರೆದು, ಸರಕು ಎಷ್ಟನೆಯ ಸುತ್ತಿಗೆ ಸೊನ್ನೆಗೆ ಇಳಿಯುತ್ತದೆಂದು ಎಣಿಸಿ. ಆಮೇಲೆ ಇಬ್ಬರಿಗೂ ಒಟ್ಟು ಲಾಭವನ್ನೇ ಅಂಕವಾಗಿ ಕೊಟ್ಟು ಮತ್ತೆ ಆಡಿಸಿ ನೋಡಿ.